ಸರಿಸಮಣ್ಣನ ಜೋಡಿ ಸ್ಪೀಕರು

ಸರಿಸಮಣ್ಣನ ಮನೆಗೆ ಕಾಲಿಡುವವರು ಮೊದಲು ನೆಲ ನೋಡಿಕೊಳ್ಳಬೇಕಾಗಿತ್ತು. ಅಲ್ಲೊಂದು ಬಿಳಿ ಟೇಪು, ಇಲ್ಲೊಂದು ನೀಲಿ ಟೇಪು, ನಡುವೆ ಸುರುಳಿ ಬಿಚ್ಚಿಕೊಂಡು ಬಿದ್ದ ವೈರು. ಎಡವಿದರೆ ನೆಟ್ಟಗೆ ಟೀವಿಯ ಮಡಿಲಿಗೇ. ಹಾಗೆ ಎಡವಿದವರಲ್ಲಿ ಮನೆಯೊಡತಿಯೂ ಒಬ್ಬಳಾದಳು ನೋಡಿ, ರಗಳೆ ಬಿಗಡಾಯಿಸಿದ್ದು ಆವತ್ತೇ.

ಸರಿಸಮಣ್ಣ ಎಂಬುದು ತಾಯ್ತಂದೆ ಇಟ್ಟ ಹೆಸರಲ್ಲ, ಗಿರಾಕಿಗಳು ಇಟ್ಟದ್ದು. ಆತನದು ಕ್ಷೌರದಂಗಡಿ. ಕತ್ತರಿ ಕೆಳಗಿಡುವ ಮುಂಚೆ ಗಿರಾಕಿಯ ಎರಡು ಕಿವಿಗಳ ಮೇಲೂ ಬೆರಳಿಟ್ಟು, "ಎರಡೂ ಕಡೆ ಸರಿಸಮ ಇದೆಯಾ ಸಾರ್?" ಎಂದು ಕೇಳದೆ ಯಾರನ್ನೂ ಕುರ್ಚಿಯಿಂದ ಎಬ್ಬಿಸಿದವನಲ್ಲ. ಗಿರಾಕಿ "ಇದೆ ಮಾರಾಯ" ಎಂದರೂ ಇವನಿಗೆ ಸಮಾಧಾನವಿಲ್ಲ. ಈ ಕಡೆ ಒಂದು ಚೂರು ತೆಗೆಯುವುದು, ಅದಕ್ಕೆ ಹೊಂದಲಿ ಎಂದು ಆ ಕಡೆ ಒಂದು ಚೂರು. ಹೀಗೆ ಸರಿಮಾಡುತ್ತ ಮಾಡುತ್ತ ಮದುಮಗನೊಬ್ಬನ ಮೀಸೆಯನ್ನೇ ಪೂರ್ತಿ ಇಳಿಸಿಬಿಟ್ಟದ್ದೂ ಉಂಟು.

ದಿನವಿಡೀ ನಿಂತ ಕಾಲಲ್ಲಿ ನಿಂತು, ಊರ ಮಾತನ್ನೆಲ್ಲ ಕಿವಿಗೆ ತುಂಬಿಕೊಂಡು ಮನೆಗೆ ಬರುವವನಿಗೆ ಇದ್ದದ್ದು ಒಂದೇ ಸುಖ, ಸಂಗೀತ. ಮದುವೆಗೂ ಮುಂಚಿನಿಂದ ಅವನ ಬಳಿ ಸೊಂಟದೆತ್ತರದ ಎರಡು ಸ್ಪೀಕರುಗಳಿದ್ದವು. ಅವನ್ನು ಗೋಡೆಯಿಂದ ಮೊಳದಷ್ಟು ಮುಂದಕ್ಕೆಳೆದು, ಒಂದಕ್ಕೊಂದು ಚೆನ್ನಾಗಿ ದೂರ ಇಟ್ಟು, ಎರಡರ ಮುಖವನ್ನೂ ತುಸು ತನ್ನತ್ತ ತಿರುಗಿಸಿ, ಸರಿಯಾಗಿ ಎದುರಿಗೆ ಕುರ್ಚಿ ಹಾಕಿ ಕೂತನೆಂದರೆ, ಹಾಡುವವಳು ಬಂದು ಆ ಖಾಲಿ ಜಾಗದ ನಟ್ಟನಡುವೆ ನಿಲ್ಲುತ್ತಿದ್ದಳು. ಅವಳ ಬಲಕ್ಕೊಬ್ಬ, ಎಡಕ್ಕೊಬ್ಬ. ಪಿಟೀಲಿನವನು ಸರಿಸಮಣ್ಣನ ಬಲಗೈ ಕಡೆ, ಕೊಳಲಿನವನು ಎಡಗೈ ಕಡೆ. ಕಣ್ಣು ಮುಚ್ಚಿದರೆ ಕೈಯಲ್ಲಿ ಮುಟ್ಟಬಹುದು ಎನ್ನುವ ಹಾಗೆ.

ಹೆಂಡತಿ ಶಾಲೆ ಮಕ್ಕಳ ವ್ಯಾನು ಓಡಿಸುವವಳು. ಆ ಕಿರುಚಾಟದಲ್ಲಿ ದಿನ ದೂಡುವವಳಿಗೂ ಒಂದು ಸುಖ ಬೇಡವೆ? ಅವಳದು ಸಿನಿಮಾ, ಅದರಲ್ಲೂ ಕಾರು ಕಾರನ್ನು ಅಟ್ಟಿಸಿಕೊಂಡು ಹೋಗುವ ಸಿನಿಮಾ. "ಥೂ, ಈ ತಿರುವಲ್ಲಿ ಯಾರಾದ್ರೂ ಬ್ರೇಕ್ ಹಾಕ್ತಾರಾ?" ಎಂದು ಪರದೆಯ ಮೇಲಿನ ಕಳ್ಳರಿಗೇ ಪಾಠ ಹೇಳುವಳು. ದೊಡ್ಡ ಟೀವಿ ತಂದಳು, ಜೊತೆಗೆ ಹೋಮ್ ಥಿಯೇಟರು. ಮಾತು ಕೇಳಿಸಲಿಕ್ಕೆ ಟೀವಿಯ ಕೆಳಗೊಂದು ಸ್ಪೀಕರು, ಸೋಫಾದ ಹಿಂದೆ ಎರಡು ಪುಟ್ಟವು. "ಮುಂದಿನ ಜೋಡಿ ಬೇರೆ ಯಾಕಮ್ಮ? ನಿಮ್ಮನೇಲಿರೋ ದೊಡ್ಡವೇ ಸಾಕು" ಎಂದ ಅಂಗಡಿಯವನು. ಮನೆಯ ನೆಮ್ಮದಿ ಹೋದದ್ದು ಆ ಒಂದು ಮಾತಿನಿಂದ.

ಸಂಗೀತದ ಜಾಗದಲ್ಲಿ ಸ್ಪೀಕರುಗಳಿದ್ದರೆ ಸಿನಿಮಾ ಕೆಡುತ್ತಿತ್ತು. "ನಾಯಕಿ ಅಳ್ತಿರೋದು ಇಲ್ಲಿ, ಮಳೆ ಬೀಳ್ತಿರೋದು ಅಡುಗೆಮನೆ ಬಾಗಿಲಲ್ಲಿ" ಎಂದು ಹೆಂಡತಿಯ ಗೊಣಗಾಟ. ಟೀವಿಯ ಪಕ್ಕಕ್ಕೆ ತಂದರೆ ಸಂಗೀತ ಕೆಡುತ್ತಿತ್ತು. ಹಾಡುವವಳನ್ನು ಬೀರುವಿನೊಳಗೆ ಕೂಡಿ ಬೀಗ ಹಾಕಿದಂತೆ. ಗೋಡೆಗೆ ಒತ್ತಿದರೆ ಗುಂಯ್ ಎಂದು ಕಪಾಟಿನ ಲೋಟಗಳೆಲ್ಲ ನಡುಗುತ್ತಿದ್ದವು. ಮುಂದಕ್ಕೆಳೆದರೆ ಕೋಣೆಯ ಬಾಗಿಲು ಅರ್ಧವೇ ತೆರೆಯುತ್ತಿತ್ತು. ಆ ಕೋಣೆಯಲ್ಲಿರುವ ಅತ್ತೆ, ಎಂದರೆ ಹೆಂಡತಿಯ ತಾಯಿ, ಅಡ್ಡಡ್ಡ ನುಸುಳಿ ಹೊರಬರಬೇಕು.

"ಅಳಿಯಂದಿರೇ, ನಾನು ತೆಳ್ಳಗಾಗ್ಬೇಕು ಅಂತಿದ್ರೆ ಬಾಯಿಬಿಟ್ಟು ಹೇಳಿ, ಊಟ ಕಮ್ಮಿ ಮಾಡ್ತೀನಿ."

"ಎರಡು ದಿನ ತಡ್ಕೊಳ್ಳಿ ಅತ್ತೆ, ಸರಿಮಾಡ್ತೀನಿ."

ಸರಿಮಾಡುವುದೆಂದರೆ ಇದು: ಸಂಗೀತಕ್ಕೆ ನೆಲದ ಮೇಲೆ ಬಿಳಿ ಟೇಪಿನ ಗುರುತು, ಸಿನಿಮಾಕ್ಕೆ ನೀಲಿ. ಹಾಡು ಕೇಳುವಾಗ ಅಲ್ಲಿಗೆ ತಳ್ಳು, ಟೀವಿ ಹಾಕುವಾಗ ಇಲ್ಲಿಗೆ ತಳ್ಳು. ಸೋಫಾದ ನಡುವಿನಿಂದ ದಾರ ಹಿಡಿದು ಎರಡೂ ಕಡೆ ಅಳೆಯುವುದು ಬೇರೆ. "ಮನೆಯೊಳಗೆ ಇನ್ನೊಂದು ಮನೆಗೆ ಪಾಯ ಹಾಕ್ತಿದ್ದೀರಾ?" ಎಂದರು ಅತ್ತೆ. ಇಷ್ಟೆಲ್ಲ ಒದ್ದಾಡಿದರೂ ಸಿನಿಮಾ ಮಾತ್ರ ನೆಟ್ಟಗಾಗಲಿಲ್ಲ. ಎಲ್ಲಿಟ್ಟರೂ ಹೆಂಡತಿಗೆ ತಲೆನೋವು. "ಏನೋ ಸರಿಯಿಲ್ಲ" ಎನ್ನುವಳು. ಏನೆಂದು ಕೇಳಿದರೆ ಅವಳಿಗೇ ಗೊತ್ತಿಲ್ಲ. ಇವನು ಹಲ್ಲು ಕಚ್ಚಿ ಮತ್ತೆ ದಾರ ಹಿಡಿಯುವನು.

ಹೀಗಿರುವಾಗ ಒಂದು ಸಂಜೆ ಅವಳು ಕಾಫಿ ಲೋಟದ ಸಮೇತ ವೈರಿಗೆ ಎಡವಿದಳು. ಲೋಟ ಒಡೆಯಿತು, ಮೊಣಕಾಲು ತರಚಿತು.

"ರೀ, ಕೇಳಿಸ್ಕೊಳ್ಳಿ. ಭಾನುವಾರ ನಾನು ಸಿನಿಮಾ ನೋಡ್ಬೇಕು. ಟೇಪು, ದಾರ, ತಳ್ಳಾಟ ಏನೂ ಇರ್ಬಾರ್ದು. ಒಂದೇ ಜಾಗ, ಹಾಡಿಗೂ ಅದೇ, ಸಿನಿಮಾಕ್ಕೂ ಅದೇ. ಆಗ್ಲಿಲ್ವಾ, ಇವೆರಡೂ ನಿಮ್ಮ ಅಂಗಡಿಗೆ. ನಾನು ಟೀವಿಗೆ ಸಣ್ಣ ಜೋಡಿ ತಂದ್ಕೋತೀನಿ."

ಅಂಗಡಿಗೆ! ಮಶೀನಿನ ಗುರ್ರ್ ಸದ್ದು, ಗಿರಾಕಿಗಳ ವಾಗ್ವಾದ, ಬೀದಿಯ ಹಾರ್ನು, ಇದರ ನಡುವೆ ಯಾವ ಹಾಡು, ಯಾವ ಪಿಟೀಲು? ಸ್ಪೀಕರು ಅಂಗಡಿಗೆ ಹೋದರೆ ತನ್ನ ಸಂಗೀತದ ಕತೆ ಅಲ್ಲಿಗೆ ಮುಗಿಯಿತೆಂದು ಅವನಿಗೆ ಗೊತ್ತಿತ್ತು. ಆ ವಾರ ಗಿರಾಕಿಗಳ ತಲೆಗೆ ಕತ್ತರಿ ಹಾಕುವಾಗಲೂ ಅವನ ತಲೆ ಮನೆಯಲ್ಲೇ.

ಭಾನುವಾರ ಮಧ್ಯಾಹ್ನಕ್ಕೆ ಅಂತೂ ಒಂದು ರಾಜಿಯ ಜಾಗ ಸಿಕ್ಕಿತು. ಬಿಳಿ ಗುರುತಿಗೂ ನೀಲಿ ಗುರುತಿಗೂ ನಡುವೆ, ಟೀವಿ ಕಪಾಟಿನ ಅಂಚಿಗಿಂತ ತುಸು ಮುಂದೆ, ಕೋಣೆಯ ಬಾಗಿಲಿಗೆ ತಾಗದಂತೆ. ಅತ್ತೆ ನೆಟ್ಟಗೆ ನಡೆದು ಹೊರಬಂದು ಸೋಫಾದಲ್ಲಿ ಕೂತರು. ಸಿನಿಮಾ ಶುರುವಾಯಿತು. ಮಾತು ಮಾತಿನ ಜಾಗದಲ್ಲಿತ್ತು, ಮಳೆ ಪರದೆಯಲ್ಲೇ ಬಿತ್ತು. ಸರಿಸಮಣ್ಣ ಇನ್ನೇನು ನಿಟ್ಟುಸಿರು ಬಿಡಬೇಕು, ಲಾರಿಯೊಂದು ಭರ್ರನೆ ನುಗ್ಗಿತು. ಹೆಂಡತಿ ಬೆಚ್ಚಿ ಬಲಕ್ಕೆ ತಿರುಗಿದಳು. ತಕ್ಷಣ ರಿಮೋಟು ಒತ್ತಿ ನಿಲ್ಲಿಸಿದಳು.

"ರೀ, ಲಾರಿ ಯಾವ ಕಡೆಯಿಂದ ಬಂತು?"

"ಎಡಗಡೆಯಿಂದ. ಕಾಣಲ್ವಾ?"

"ಈಗ ಕಣ್ಣು ಮುಚ್ಕೊಳ್ಳಿ." ಮತ್ತೆ ಹಾಕಿದಳು. "ಈಗ ಹೇಳಿ."

ಸರಿಸಮಣ್ಣ ಕಣ್ಣು ಬಿಟ್ಟು ಬಲಗಡೆಯ ಸ್ಪೀಕರನ್ನು ನೋಡಿದ. "ಬಲಗಡೆಯಿಂದ."

"ಇದೇ ನನ್ನ ತಲೆನೋವು! ಲಾರಿ ಒಂದ್ಕಡೆ, ಹಾರ್ನು ಇನ್ನೊಂದ್ಕಡೆ. ರಸ್ತೇಲಿ ಹೀಗಾದ್ರೆ ನಾನು ಮಕ್ಕಳನ್ನ ಮನೆ ಮುಟ್ಟಿಸಿದ ಹಾಗೇ. ಎಡದ ವೈರು ಯಾವುದಕ್ಕೆ ಹಾಕಿದ್ದೀರಿ?"

"ಎಡಗಡೇದಕ್ಕೆ." ಅವನು ತೋರಿಸಿದ್ದು ತನ್ನ ಬಲಗೈ ಕಡೆಯ ಸ್ಪೀಕರನ್ನು.

"ಅದು ಬಲ ಅಲ್ವೇನ್ರೀ?"

"ನನಗೆ ಬಲ. ಅದಕ್ಕೆ ಎಡ."

"ಅದಕ್ಕೆ ಅಂದ್ರೆ ಯಾರಿಗೆ?" ಎಂದರು ಅತ್ತೆ.

"ನಮ್ಮ ಕಡೆ ಮುಖ ಮಾಡಿ ಕೂತಿದೆಯಲ್ಲ ಅತ್ತೆ! ಗಿರಾಕಿ ಎದುರಿಗೆ ಕೂತಾಗ 'ಎಡಗಡೆ ಸ್ವಲ್ಪ ತೆಗಿ' ಅಂದ್ರೆ ಅವನ ಎಡ ತಾನೇ? ನನ್ನ ಎಡಕ್ಕೆ ಕತ್ತರಿ ಹಾಕಿದ್ರೆ ಅವನು ಎದ್ದು ಬಾರಿಸ್ತಾನೆ."

ಅತ್ತೆ ನಕ್ಕು ನಕ್ಕು ಕೆಮ್ಮು ಬರಿಸಿಕೊಂಡರು. "ಸದ್ಯ, ಟೀವಿಗೆ ಬೈತಲೆ ತೆಗೀಲಿಲ್ವಲ್ಲ!" ಹೆಂಡತಿ ಕಪಾಟಿನ ಹಿಂದೆ ಕೈಹಾಕಿ ಎರಡು ವೈರುಗಳನ್ನೂ ಅದಲು ಬದಲು ಮಾಡಿದಳು. ಲಾರಿ ಎಡದಿಂದಲೇ ಬಂತು, ಸದ್ದೂ ಎಡದಿಂದಲೇ ಬಂತು. ಅವಳ ಹಣೆಯ ಗಂಟು ಬಿಚ್ಚಿತು.

"ಇಲ್ಲೇ ಇರ್ಲಿ ಬಿಡಿ. ಅಂಗಡಿಗೇನೂ ಬೇಡ."

ಗೆದ್ದನಲ್ಲ, ಸಂತೋಷದಿಂದಿರಬೇಕಲ್ಲವೆ? ಮಂಗಳವಾರ ಅಂಗಡಿಗೆ ರಜೆ. ಆಸೆಯಿಂದ ತನ್ನ ಹಾಡು ಹಾಕಿಕೊಂಡು ಕೂತ. ಹಾಡುವವಳು ನಡುವೆಯೇ ನಿಂತಿದ್ದಳು, ತಕರಾರಿಲ್ಲ. ಆದರೆ ಪಿಟೀಲು ಎಡಗಡೆ! ಕೊಳಲು ಬಲಗಡೆ! ಬೆಳಿಗ್ಗೆ ಎದ್ದು ನೋಡಿದರೆ ಅಡುಗೆಮನೆ ಬಚ್ಚಲಿನ ಜಾಗಕ್ಕೆ ಹೋಗಿ ಕೂತಿದ್ದ ಹಾಗೆ. ಅವನು ಎದ್ದು, ಕೂತು, ಮತ್ತೆ ಎದ್ದ.

"ಇದು ನನ್ನ ಹಾಡಲ್ಲ."

"ಈಗ್ಲೇ ರೀ ಸರಿ ಇರೋದು. ಇಷ್ಟು ವರ್ಷ ಕೇಳಿದ್ದೇ ತಲೆಕೆಳಗು."

"ಸರಿಯೋ ತಪ್ಪೋ, ನೀನು ಈ ಮನೆಗೆ ಬರೋಕೆ ಮುಂಚಿಂದ ಪಿಟೀಲಿನವನು ಬಲಗಡೆ ಕೂರ್ತಿದ್ದ. ಈಗ ಎದ್ದು ಆ ಕಡೆ ಹೋಗು ಅಂದ್ರೆ ಹೇಗೆ?"

"ವೈರು ಮುಟ್ಟಿದ್ರೆ ಗೊತ್ತಲ್ಲ? ಅಂಗಡಿ."

ಅವನು ವೈರು ಮುಟ್ಟಲಿಲ್ಲ. ಮುಖ ಗಂಟಿಕ್ಕಿಕೊಂಡು ನಾಲ್ಕಾರು ದಿನ ಹಾಡೇ ಕೇಳಲಿಲ್ಲ. ಆಮೇಲೊಂದು ಸಂಜೆ ಕುರ್ಚಿಯನ್ನೇ ಎತ್ತಿ ಹಿಂದುಮುಂದಾಗಿ ಇಟ್ಟು ಕೂತ. ಬೆನ್ನಿಗೆ ಸ್ಪೀಕರು, ಮುಖ ಸೋಫಾದ ಕಡೆ.

ಸೋಫಾದಲ್ಲಿ ಬಟ್ಟೆ ಮಡಿಸುತ್ತಿದ್ದ ಹೆಂಡತಿ ತಲೆಯೆತ್ತಿದಳು. "ಇದೇನ್ರೀ, ನನ್ನೇ ನೋಡ್ತಾ ಕೂತ್ರಿ?"

"ನಿನ್ನನ್ನಲ್ಲ ಕಣೇ. ಪಿಟೀಲಿನವನು ಬಲಗಡೆಗೆ ಬಂದ."

"ಸದ್ಯ! ಈಗಲಾದ್ರೂ ಸರಿ ಹೋಯ್ತಾ?"

ಸರಿಸಮಣ್ಣ ಕಣ್ಣುಮುಚ್ಚಿ ಕೊಂಚ ಹೊತ್ತು ಕೇಳಿದ. ಹುಬ್ಬು ಗಂಟಾಯಿತು.

"ಬಂದಿದ್ದಾನೆ. ಆದ್ರೆ ಎಲ್ಲರೂ ನನ್ನ ಬೆನ್ನ ಹಿಂದೆ ಕೂತು, ಬಾಯಿಗೆ ಬಟ್ಟೆ ಅಡ್ಡ ಹಿಡ್ಕೊಂಡು ಹಾಡ್ತಿದ್ದಾರೆ" ಎಂದವನೇ ಎದ್ದು ಕುರ್ಚಿಯನ್ನು ಒಂದು ಗೇಣು ಸೋಫಾದ ಕಡೆಗೆ ಎಳೆದುಕೊಂಡ.