ಬಳೆ ಇಡುವ ಕೈಗೆ ಡಬ್ಬಿ ಕೊಟ್ಟವರು

ಬಳೆ ಇಡಿಸಿಕೊಂಡ ಮೇಲೆ ಇಟ್ಟವರಿಗೆ ಕೈ ಮುಗಿಯುವುದು ಸುರಪುರದ ನಮ್ಮ ಓಣಿಯ ಪದ್ಧತಿ. ನಮಗೆ ಬಳೆ ಇಡುತ್ತಿದ್ದವಳು ಖಾಲಾ. ಅವರ ಮನೆಮಾತಿನಲ್ಲಿ ಖಾಲಾ ಎಂದರೆ ಚಿಕ್ಕಮ್ಮ, ಓಣಿಗೆಲ್ಲ ಅವಳು ಚಿಕ್ಕಮ್ಮನೇ. ನನ್ನ ಮದುವೆಯ ಹಸಿರು ಬಳೆ ಇಟ್ಟವಳೂ ಅವಳೇ. ಬಳೆಯ ಗಂಟು ಹೊತ್ತುಕೊಂಡು, ಬಾಗಿಲು ಬಡಿಯದೆ ನೇರ ನಡುಮನೆಗೆ ಬಂದು, "ಯವ್ವಾ, ಚಾ ಇಡು" ಎಂದು ಕೂಡುವವಳು. ಬಳೆ ಇಟ್ಟ ಕೈ ಏನು ಕೊಟ್ಟರೂ ಒಲ್ಲೆ ಎನ್ನಬಾರದು ಎಂಬ ಮಾತೂ ನಮ್ಮಲ್ಲಿದೆ. ಮನೆಮನೆಗೆ ಶಕ್ತಿಪುಡಿ ಮಾರಿಸುವ ಆ ಕಂಪನಿಯವರಿಗೆ ಬೇಕಾಗಿದ್ದೂ ಅದೇ.

ಯಾದಗಿರಿಯ ಒಂದು ಕಲ್ಯಾಣ ಮಂಟಪದಲ್ಲಿ ಅವರ ಸಭೆಯಿತ್ತು. ಜೊತೆಗೆ ಬಾ ಎಂದಳು ಖಾಲಾ, ಹೋದೆ. ಸುಡುಬಿಸಿಲಿನಲ್ಲೂ ಟೈ ಕಟ್ಟಿಕೊಂಡಿದ್ದ ಒಬ್ಬ, ಶಕ್ತಿಪುಡಿಯ ಡಬ್ಬಿ ಎತ್ತಿ ಹಿಡಿದು ಎಲ್ಲರಿಂದ ಚಪ್ಪಾಳೆ ಹೊಡೆಸಿದ. ಆಮೇಲೆ ಖಾಲಾಳ ಹತ್ತಿರ ಬಂದ.

"ಅಮ್ಮಾ, ಎಷ್ಟ ಮನಿ ಒಳಗ ಹೋಗ್ತೀರಿ ನೀವು?"

"ಹೋಗದ ಮನಿ ಯಾವುದದ, ಅದನ್ನ ಕೇಳ್ರಿ."

"ನೀವ್ ಹುಟ್ಟಾ ಲೀಡರ್ರು! ನೀವ್ ಮಾರ್ರಿ, ನಿಮ್ಮ ಕೈಕೆಳಗ ಮಂದೀನ ಹಚ್ರಿ. ಅವ್ರು ಮಾರಾಕತ್ತಿದ್ರ ನೀವ್ ಮನ್ಯಾಗ ಕುಂತ ಉಣ್ರಿ."

ಬಸ್ಸಿನಲ್ಲಿ ನಾನು ಬೇಡ ಎಂದೆ. ಅವಳು ಮೊಣಕಾಲು ತಿಕ್ಕುತ್ತ, "ನಮ್ಮೂರ ದಿಬ್ಬ ಹತ್ತಾಕ ಆಗವಲ್ದು ಬೇಟಿ. ಕುಂತ ಉಣ್ಣೋದಾದ್ರ ಯಾಕ ಬ್ಯಾಡ?" ಎಂದಳು.

ಮೊದಲ ಸುತ್ತಿಗೆ ಓಣಿಯ ಹೆಂಗಸರೆಲ್ಲ ಒಂದೊಂದು ಡಬ್ಬಿ ಕೊಂಡರು. ಪುಡಿಗಾಗಿ ಅಲ್ಲ, ಅವಳ ಮುಖ ನೋಡಿ. ಪುಟಾಣಿ ಹಿಟ್ಟಿಗೆ ಸೆಂಟು ಹೊಡೆದಂತಿತ್ತು ಅದು, ಮನೆಯಲ್ಲಿ ಯಾರೂ ಎರಡನೇ ಸಲ ಮುಟ್ಟಲಿಲ್ಲ. ಎರಡನೇ ಡಬ್ಬಿ ಕೊಂಡವರೂ ಇಲ್ಲ. ಆದರೆ ಲೀಡರ್ ಎನಿಸಿಕೊಳ್ಳಬೇಕಾದರೆ ತಿಂಗಳು ತಿಂಗಳು ಮಾಲು ಎತ್ತಲೇಬೇಕು, ಮಾರಾಟವಾಗದಿದ್ದರೆ ತಾನೇ ಕೊಳ್ಳಬೇಕು. ಖಾಲಾ ಕೊಂಡಳು. ಬಳೆ ತರುವ ದುಡ್ಡು ಪುಡಿಗೆ ಹೋಯಿತು.

ಮಂದಿಯನ್ನು ಸೇರಿಸು ಎಂದರು. ಹೂ ಮಾರುವವಳನ್ನು ಸೇರಿಸಿದಳು, ಕುಪ್ಪಸ ಹೊಲಿಯುವವಳನ್ನು ಸೇರಿಸಿದಳು, ಶಹಾಪುರದ ತನ್ನ ತಂಗಿಯ ಮಗಳನ್ನೂ ಸೇರಿಸಿದಳು. ಅವರು ಮಾರಲು ಹೋಗುವುದೆಲ್ಲಿಗೆ? ಅದೇ ಮನೆಗಳಿಗೆ! ನಾನು ಹೂ ಕೊಳ್ಳಲು ಹೋದರೆ ಡಬ್ಬಿ, ಕುಪ್ಪಸ ಹೊಲಿಸಲು ಹೋದರೆ ಡಬ್ಬಿ. ಓಣಿಯ ತುಂಬ ಮಾರುವವರೇ ಆದರೆ ಕೊಳ್ಳುವವರು ಆಕಾಶದಿಂದ ಉದುರುತ್ತಾರೇನು? ಇಷ್ಟು ಸಾದಾ ಮಾತು ಆ ಟೈಯವನಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಖಾಲಾ ಕೊಂಡ ಡಬ್ಬಿಯಲ್ಲೂ ಅವನಿಗೆ ಪಾಲಿತ್ತು. ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವ ಜಾತಿ ಅದು.

ದುಡ್ಡು ಕಳೆದುಕೊಂಡ ತಂಗಿಯ ಮಗಳು ಖಾಲಾಳ ಜೊತೆ ಮಾತು ಬಿಟ್ಟಳು. ಓಣಿಯಲ್ಲಿ ಬಳೆಯ ಸದ್ದು ಕೇಳಿದರೆ ಮೊದಲು ನಾವು ಕೈ ಒರೆಸಿಕೊಂಡು ಹೊರಗೆ ಓಡುತ್ತಿದ್ದೆವು. ಈಗ ಅದೇ ಸದ್ದಿಗೆ ಅಗಳಿ ಬೀಳತೊಡಗಿತು. "ಖಾಲಾ ಬಂದಾಳ, ಅವ್ವ ಇಲ್ಲಂತ ಹೇಳು" ಎಂದು ಪಕ್ಕದ ಮನೆಯವಳು ಒಳಗಿನಿಂದ ಪಿಸುಗುಟ್ಟಿದ್ದನ್ನು ನಾನು ಕೇಳಿದ್ದೇನೆ. ಖಾಲಾಳಿಗೂ ಕೇಳಿಸಿತ್ತು.

ಟೈಯವ ಒಮ್ಮೆ ಸುರಪುರಕ್ಕೇ ಬಂದು ಸಭೆ ಸೇರಿಸಿದ. ಮಾಲು ಹೋಗುತ್ತಿಲ್ಲ ಎಂದು ಖಾಲಾ ಎಲ್ಲರೆದುರು ಹೇಳಿದಾಗ ನಕ್ಕುಬಿಟ್ಟ.

"ಕುಣೀಲಾರದಾಕಿ ನೆಲ ಡೊಂಕು ಅಂದ್ಲಂತ. ನಿಮ್ಮೊಳಗ ನಂಬಿಕಿ ಇಲ್ಲಮ್ಮಾ, ಅದಕ್ಕ."

ನನಗೆ ತಡೆಯಲಾಗಲಿಲ್ಲ. ಎದ್ದು ನಿಂತೆ. "ಏ ತಮ್ಮಾ, ಕಾಲಕೆಳಗಿನ ನೆಲಾನ ಕಿತಗೊಂಡು ಕುಣಿ ಅಂತೀಯೇನು? ಊರ ನಂಬಿಕೀನ ನಿನ್ನ ಡಬ್ಬ್ಯಾಗ ಹಾಕ್ಯಾಳ, ಇನ್ನ ಎಲ್ಲಿಂದ ತರಬೇಕ ಆಕಿ?"

"ನೆಗೆಟಿವ್ ಮಾತ ಬ್ಯಾಡ್ರಿ ಅಕ್ಕಾರ" ಎಂದು ಆತ ಮತ್ತೆ ಚಪ್ಪಾಳೆ ಹೊಡೆಸಿದ. ಜನ ಹೊಡೆದರು! ಅದನ್ನು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ಖಾಲಾ ಅಂದೇ ಡಬ್ಬಿ ಮಾರುವುದನ್ನು ಬಿಟ್ಟಳು. ಉಳಿದ ಡಬ್ಬಿಗಳು ಅವಳ ಮಂಚದ ಕೆಳಗೆ ಹುಳ ಹಿಡಿದವು.

ಈ ವರ್ಷ ನನ್ನ ಮಗಳ ಕುಬಸದ ಶಾಸ್ತ್ರ ಬಂತು. ಬಸುರಿಗೆ ಹಸಿರು ಬಳೆ ಇಡಿಸಬೇಕು. "ಬಳಿ ಅಂಗಡ್ಯಾಗ ತರೂಣು. ಆಕೀನ್ನ ಕರದ್ರ ಬಂದ ಮಂದಿಗೆಲ್ಲಾ ಡಬ್ಬಿ ಹಚ್ಚತಾಳ" ಎಂದಳು ನಾದಿನಿ. ನಾನು ಕೇಳಲಿಲ್ಲ, ಹೋಗಿ ಕರೆದು ಬಂದೆ.

ಖಾಲಾ ಬಂದಳು. ನಡುಮನೆಗೆ ನುಗ್ಗಲಿಲ್ಲ, ಚಾ ಕೇಳಲಿಲ್ಲ. ಹೊಸ್ತಿಲ ಹೊರಗೇ ಕುಕ್ಕರುಗಾಲಲ್ಲಿ ಕೂತು, ಹೆಂಗಸರೆಲ್ಲ ನೋಡುತ್ತಿರುವಾಗ ಗಂಟು ಬಿಚ್ಚಿದಳು. ಒಂದೊಂದೇ ಬಳೆಯ ಸರ ಎತ್ತಿ ಹೊರಗಿಟ್ಟು, ಖಾಲಿ ಬಟ್ಟೆಯನ್ನು ನಮ್ಮ ಮುಂದೆ ಝಾಡಿಸಿದಳು.

"ನೋಡ್ರಿ, ಬಳಿ ಅಷ್ಟ ಅದಾವ. ಬ್ಯಾರೆ ಏನೂ ತಂದಿಲ್ಲ" ಎಂದಳು. "ಒಳಗ ಬರ್ಲೇನ್ರಿ?"

ನನಗೆ ಅವಳು 'ರಿ' ಎಂದದ್ದು ಅದೇ ಮೊದಲು.