ನರಸಕ್ಕ ಕೊಟ್ಟ ಹೆಸರು

ಶ್ರೀಶೈಲಕ್ಕೆ ನಡೆಯುವುದು ಕಾಲಿನ ಕೆಲಸವಲ್ಲ, ತಲೆಯ ಕೆಲಸ ಎನ್ನುತ್ತಾಳೆ ನರಸಕ್ಕ. ಹಿಂದೂಪುರದ ಬಸ್ ಸ್ಟ್ಯಾಂಡಿನ ಎದುರು ಮಂಡಕ್ಕಿಯ ಉಗ್ಗಾನಿ, ಮೆಣಸಿನಕಾಯಿ ಬಜ್ಜಿ ಮಾರುವ ಹೆಂಗಸು ಅವಳು. ನಲ್ಲಮಲದ ಬೆಟ್ಟಸಾಲು ಹುಲಿಗಳಿಗೆಂದು ಕಾಯ್ದಿಟ್ಟ ಕಾಡು. ಯುಗಾದಿಯ ಆಸುಪಾಸಿನಲ್ಲಿ ಮಾತ್ರ ಅರಣ್ಯ ಇಲಾಖೆಯವರು ಮಲ್ಲಯ್ಯನ ಭಕ್ತರಿಗೆ ಕಾಲುದಾರಿ ಬಿಡುತ್ತಾರೆ. ಅಷ್ಟರೊಳಗೆ ಹೊಕ್ಕು, ಹತ್ತಿ, ಇಳಿದು, ಮತ್ತೆ ಹತ್ತಿ ಆಚೆ ಬೀಳಬೇಕು. ಯಾರ ಗಂಟಿನಲ್ಲಿ ಸಜ್ಜೆ ರೊಟ್ಟಿ, ಯಾರ ಗಂಟಿನಲ್ಲಿ ಚಟ್ನಿಪುಡಿ, ಯಾವ ಕೊಳದ ನೀರು ಕುಡಿಯಬಹುದು, ಯಾವ ಮರದ ಕೆಳಗೆ ಮಲಗಬಾರದು, ಎಲ್ಲವೂ ಅವಳ ಬಾಯಲ್ಲಿ. ಅವಳ ತವರು ಕಲ್ಯಾಣದುರ್ಗದ ಕಡೆಯ ಬ್ರಹ್ಮಸಮುದ್ರ. ಅಲ್ಲಿಂದ ತಮ್ಮ ಬೋರಪ್ಪ ಒಂದಷ್ಟು ಜನರನ್ನು ಕರೆತರುತ್ತಾನೆ, ಇಲ್ಲಿಂದ ಒಂದಷ್ಟು ಜನರನ್ನು ಅವಳು ಕೂಡಿಸುತ್ತಾಳೆ. ಮೀಸೆ ಹೊತ್ತ ಗಂಡಸರೆಲ್ಲ ಬಾಯಿ ಮುಚ್ಚಿಕೊಂಡು ಅವಳ ಹಿಂದೆ ನಡೆಯುತ್ತಾರೆ.

ಆ ದಂಡಿನಲ್ಲಿ ಒಂದು ಪದ್ಧತಿ. ನರಸಕ್ಕನ ತಾಯಿ ಹಾಕಿಕೊಟ್ಟದ್ದು, ಬೇರೆ ದಂಡಿನವರು ಕೇಳಿದರೆ ನಗುತ್ತಾರೆ. ಕಾಡಿಗೆ ಹೊರಡುವವರು ತಮ್ಮ ಮನೆಯಲ್ಲಿ ತೀರಿಹೋದ ಒಬ್ಬರ ಹೆಸರು ಹೊತ್ತು ನಡೆಯಬೇಕು. ನಮ್ಮ ಕಾಲಿನಲ್ಲಿ ಅವರಿಗೂ ಮಲ್ಲಯ್ಯನ ದರ್ಶನವಾಗಲಿ ಎಂದು. ಹೊರಡುವುದಕ್ಕೆ ಮುಂಚೆ ಎಲ್ಲರೂ ಕೂತು ದಾರಿ ಗೊತ್ತುಮಾಡುವ ದಿನ ಯಜಮಾನಿ ಆ ಹೆಸರು ಕೂಗಿ ಕೈಗೆ ಅರಿಶಿನದ ದಾರ ಕಟ್ಟುತ್ತಾಳೆ. ಕಟ್ಟಿಸಿಕೊಂಡವರು "ಬಂದೆ" ಎನ್ನಬೇಕು. ಅಲ್ಲಿಂದ ಬೆಟ್ಟ ಇಳಿಯುವವರೆಗೆ ಸ್ವಂತ ಹೆಸರಿಲ್ಲ. ಬೋರಪ್ಪ ಪ್ರತಿ ವರ್ಷ ಅಜ್ಜಿ ಬನಶಂಕರಮ್ಮನ ಹೆಸರು ಹೊರುತ್ತಾನೆ. ಅಷ್ಟು ದಪ್ಪ ಮೀಸೆಯ ಬನಶಂಕರಮ್ಮ ಭೂಲೋಕದಲ್ಲಿ ಇನ್ನೊಬ್ಬಳಿರಲಾರಳು.

ಗಂಡನ ಹೆಸರನ್ನು ಮಾತ್ರ ನರಸಕ್ಕ ಯಾರಿಗೂ ಕೊಟ್ಟಿರಲಿಲ್ಲ. ಮಗಳು ಶಿರೀಷಾ ತೊಟ್ಟಿಲಲ್ಲಿದ್ದ ವರ್ಷ ಪೆದ್ದಣ್ಣ ಇದೇ ನಡಿಗೆಗೆ ಹೋದವನು, ನಲ್ಲಮಲದ ಒಂದು ಏರಿನಲ್ಲಿ ದಣಿವಾರಿಸಿಕೊಂಡು ಬರುತ್ತೇನೆಂದು ಕೂತ. ಬರಲಿಲ್ಲ. ಕಾಡೆಲ್ಲ ಜಾಲಾಡಿದರೂ ಅವನ ಒಂದು ಚಪ್ಪಲಿಯೂ ಸಿಗಲಿಲ್ಲ. ಹೆಣ ಕಾಣದೆ ತಿಥಿ ಹೇಗೆ ಮಾಡಲಿ ಎಂದು ನರಸಕ್ಕ ಕುಂಕುಮ ಅಳಿಸಲಿಲ್ಲ, ಬಳೆ ತೆಗೆಯಲಿಲ್ಲ. ಮಗಳು ನಡೆಯುವಂತಾದ ಮೇಲೆ ತಾಯಿಯ ಜಾಗದಲ್ಲಿ ತಾನೇ ದಂಡು ಹೊರಡಿಸತೊಡಗಿದಳು. ಅವಳಿಗೆ ಭಕ್ತಿ ಜಾಸ್ತಿ ಎಂದು ಜನ ಹೊಗಳುತ್ತಿದ್ದರು. ಪ್ರತಿ ತಿರುವಿನಲ್ಲೂ ಅವಳ ಕಣ್ಣು ಯಾರನ್ನು ಹುಡುಕುತ್ತಿತ್ತೆಂಬುದು ಮಲ್ಲಯ್ಯನಿಗೇ ಗೊತ್ತು.

ಈ ವರ್ಷ ಶಿರೀಷಾ ತಾನೂ ಬರುತ್ತೇನೆಂದು ಹಟ ಹಿಡಿದಳು. ಗಾರ್ಮೆಂಟ್ಸಿನಲ್ಲಿ ಹೊಲಿಗೆ ಮಾಡುವ ಹುಡುಗಿ, ಕಾಡೆಂದರೆ ಫೋನಿನಲ್ಲಿ ನೋಡಿದ್ದಷ್ಟೇ. ದಾರಿ ಗೊತ್ತುಮಾಡುವ ದಿನ ಎಲ್ಲರ ಎದುರು ಕೈ ಚಾಚಿ ಅಪ್ಪನ ಹೆಸರು ಕೊಡೆಂದು ಕೇಳಿದಳು.

"ಸತ್ತೋರ ಹೆಸ್ರು ಕೊಡೋದು ಕಣಮ್ಮ," ಎಂದಳು ನರಸಕ್ಕ.

"ಹಂಗಾರೆ ಬದುಕವ್ನಾ? ಎಲ್ಲವ್ನೆ, ತೋರ್ಸು. ಇಲ್ದಿರೋನಿಗೆ ಇನ್ನೆಷ್ಟು ದಿನ ಕಾಯಾನ?"

ಗಂಡನ ಹೆಸರನ್ನು ನರಸಕ್ಕ ಮದುವೆಯಾದಂದಿನಿಂದ ಬಾಯಿಬಿಟ್ಟು ಹೇಳಿದವಳಲ್ಲ. ಆ ಕಾಲದ ಹೆಂಗಸರು ಹಾಗೆ. ರೇಷನ್ ಅಂಗಡಿಯಲ್ಲೂ ಕಾರ್ಡು ಮುಂದೆ ಚಾಚಿ ನೀವೇ ಓದಿಕೊಳ್ಳಿ ಎನ್ನುವವಳು. ಅವಳ ಬದಲು ತಾನು ಕೂಗುತ್ತೇನೆಂದು ಬೋರಪ್ಪ ಮುಂದೆ ಬಂದ. ಅದು ಪದ್ಧತಿಯಲ್ಲ. ನೀರಿಗಿಳಿದ ಮೇಲೆ ಚಳಿಯೇನು ಮಳೆಯೇನು ಎಂದು ನರಸಕ್ಕ ಕಣ್ಣು ಮುಚ್ಚಿ ದಾರ ಕಟ್ಟಿದಳು.

"ಪೆದ್ದಣ್ಣಾ."

"ಬಂದೆ," ಎಂದಿತು ಉತ್ತರ. ಮಗಳ ದನಿ ಸ್ವಲ್ಪ ದಪ್ಪಗಿತ್ತು. ಶೀತವಿರಬೇಕು ಎಂದುಕೊಂಡಳು.

ಆಮೇಲೆ ಬೋರಪ್ಪ ಎಂದಿನಂತೆ ನೆಲದ ಮೇಲೆ ಕಡಲೆಕಾಯಿ ಸಾಲಾಗಿ ಇಟ್ಟು ದಾರಿ ತೋರಿಸತೊಡಗಿದ. ಇದು ನಾಗಲೂಟಿ, ಇಲ್ಲಿ ಮೊದಲ ವಸ್ತಿ, ಇಲ್ಲಿ ನೀರು. ಸುಮ್ಮನೆ ನೋಡುತ್ತಿದ್ದ ಶಿರೀಷಾ ಕೈ ಹಾಕಿ ಒಂದು ಕಾಯನ್ನು ಎಡಕ್ಕೆ ಸರಿಸಿದಳು.

"ನೀರು ಅಲ್ಲಲ್ಲ ಕಣ್ಲಾ, ಬಂಡೆ ಹಿಂದಕೈತೆ."

ಸೋದರಮಾವನಿಗೆ ಕಣ್ಲಾ ಎಂದದ್ದಕ್ಕೆ ಯಾರೂ ನಗಲಿಲ್ಲ. ಅವಳು ಹೇಳಿದ್ದೇ ಸರಿಯಾಗಿತ್ತು, ಬೋರಪ್ಪ ಮರೆತಿದ್ದ. ಇನ್ನೊಂದು ಕಾಯನ್ನು ಅವಳು ಸಾಲು ಬಿಟ್ಟು ದೂರಕ್ಕೆ, ದಾರಿಯೇ ಇಲ್ಲದ ಕಡೆಗೆ ಇಟ್ಟಳು. ಅದು ಯಾವ ಜಾಗವೆಂದು ಕೇಳಿದರೆ ತನಗೆ ಗೊತ್ತಿಲ್ಲ, ಅಲ್ಲಿ ಕೂರಬೇಕು ಅನ್ನಿಸಿತು ಎಂದಳು.

ನಾಚಿಕೆಯ ಮಾತಾದರೂ ಹೇಳಬೇಕು, ನರಸಕ್ಕನಿಗೆ ಹೆದರಿಕೆಗಿಂತ ಮೊದಲು ಸಂತೋಷವಾಯಿತು. ಇಷ್ಟು ವರ್ಷ ಕಾಡೆಲ್ಲ ಸುತ್ತಿದರೂ ಸಿಗದ, ಗಂಡ ಕೂತ ಜಾಗ ಮನೆಯ ನೆಲದ ಮೇಲೆ ಸಿಕ್ಕಿತ್ತು. ಮಗಳು ದಿನದಿನಕ್ಕೆ ಎಡ ಭುಜ ಜಗ್ಗಿಸಿ ನಡೆಯತೊಡಗಿದಳು. ಬಜ್ಜಿಯ ಹಿಟ್ಟು ಬಿಡಿಸಿಟ್ಟು ಒಳಗಿನ ಮೆಣಸಿನಕಾಯಿಯನ್ನೇ ಮೊದಲು ತಿನ್ನತೊಡಗಿದಳು. ಅದು ಯಾರ ಚಾಳಿಯೆಂದು ನರಸಕ್ಕನಿಗೆ ಗೊತ್ತಿತ್ತು, ಗೊತ್ತಿದ್ದೇ ಇನ್ನೆರಡು ಬಜ್ಜಿ ಹೆಚ್ಚಿಗೆ ಬಡಿಸಿದಳು. ಬೋರಪ್ಪ ಬ್ರಹ್ಮಸಮುದ್ರದಿಂದ ಫೋನು ಮಾಡಿ ಬೈದ. ಕಟ್ಟಿದವಳೇ ದಾರವನ್ನು ಹಲ್ಲಿನಿಂದ ಕಡಿದು ಹುಡುಗಿಯ ಸ್ವಂತ ಹೆಸರು ಕೂಗಿದರೆ ಹೊಕ್ಕವನು ಬಿಟ್ಟುಹೋಗುತ್ತಾನೆ, ಮಗಳು ಬೇಕೋ ಅವನು ಬೇಕೋ ನೋಡಿಕೋ ಎಂದ. ಒಂದೇ ಒಂದು ಸಲ ಆ ಜಾಗ ಮುಟ್ಟಿಬರೋಣ, ಆಮೇಲೆ ಕಡಿಯುತ್ತೇನೆ ಎಂದಳು ನರಸಕ್ಕ.

ಹೊರಡುವ ಮುಂಚಿನ ಭಾನುವಾರ ಕಾಲು ಪಳಗಿಸಲು ಎಲ್ಲರೂ ಬೆನ್ನಿಗೆ ಗಂಟು ಕಟ್ಟಿ ಗೋರಂಟ್ಲದ ಹತ್ತಿರದ ಬೋಳುಗುಡ್ಡ ಹತ್ತಿದರು. ನೆತ್ತಿ ಸುಡುವ ಹೊತ್ತಿಗೆ ಉಳಿದವರು ಕೆಳಗೆ ಬೇವಿನ ನೆರಳಲ್ಲಿ ಕೂತರು. ಶಿರೀಷಾ ನಿಲ್ಲಲಿಲ್ಲ. ನರಸಕ್ಕ ಏದುಸಿರು ಬಿಡುತ್ತ ಅವಳ ಹಿಂದೆ ಹತ್ತಿದಳು. ಗಾಳಿ ಇರಲಿಲ್ಲ, ಹಕ್ಕಿಯ ಸದ್ದಿರಲಿಲ್ಲ. ಅಷ್ಟು ಬಿಸಿಲಿನಲ್ಲೂ ಮಗಳ ಕಡೆಯಿಂದ ಹಸಿ ಮಣ್ಣಿನ ವಾಸನೆ ಬರುತ್ತಿತ್ತು, ದಟ್ಟ ಕಾಡಿನೊಳಗಿನ ತಣ್ಣನೆಯ ವಾಸನೆ. ನರಸಕ್ಕ ಪದ್ಧತಿ ಮುರಿದು ಮಗಳ ಹೆಸರು ಕೂಗಿದಳು.

"ಶಿರೀಷಾ, ನಿಂತ್ಕಳಮ್ಮ."

ಹುಡುಗಿ ತಿರುಗಲಿಲ್ಲ. ಇನ್ನೊಮ್ಮೆ ಕೂಗಿದಳು. ಯಾರದೋ ಹೆಸರು ಕೇಳಿದ ಹಾಗೆ ಅವಳು ನಡೆದೇ ನಡೆದಳು.

ನರಸಕ್ಕ ಆ ಇನ್ನೊಂದು ಹೆಸರು ಕೂಗಿದಳು. ಕೂಡಲೇ ಮಗಳು ನಿಂತು ತಿರುಗಿದಳು. ಮುಖ ಮಗಳದೇ, ಮೂಗುಬೊಟ್ಟು ಅದೇ. ನಗು ಮಾತ್ರ ಬೇರೆ.

"ದುರ್ಗದವ್ಳೇ, ಇಷ್ಟು ತಡವಾ?"

ಕಲ್ಯಾಣದುರ್ಗದ ಕಡೆಯವಳೆಂದು ಹಾಗೆ ಕರೆಯುತ್ತಿದ್ದವನು ಒಬ್ಬನೇ. ನರಸಕ್ಕ ಬಂಡೆಯ ಮೇಲೆ ಕೂತಳು. ಕೇಳಬೇಕೆಂದು ಇಷ್ಟು ವರ್ಷ ಕೂಡಿಟ್ಟ ಮಾತು ಒಂದೂ ನೆನಪಿಗೆ ಬರಲಿಲ್ಲ. ಅಳು ಉಕ್ಕಿ ಬಂತು.

"ಅಲ್ಲಿ ಒಬ್ನೇ ಇದ್ದೀಯಾ?" ಎಂದಳು.

"ಇಷ್ಟು ದಿನ ಒಬ್ನೇ ಇದ್ದೆ. ಈಗ ಮಗ್ಳು ಬಂದವ್ಳಲ್ಲ, ಪಕ್ಕದಾಗೇ ಕುಂತವ್ಳೆ."

ಎದುರಿಗಿದ್ದ ಕಣ್ಣುಗಳಲ್ಲಿ ಶಿರೀಷಾ ಎಲ್ಲೂ ಇರಲಿಲ್ಲ. ನರಸಕ್ಕ ಧಡಕ್ಕನೆ ಎದ್ದು ಆ ಕೈ ಹಿಡಿದಳು. ಬಿಸಿಲಿನಲ್ಲೂ ತಣ್ಣಗಿತ್ತು. ಹಲ್ಲಿಗೆ ದಾರ ಸಿಕ್ಕಿತು. ಅವನು ಕೈ ಎಳೆದುಕೊಳ್ಳಲಿಲ್ಲ. ಇನ್ನು ಸ್ವಲ್ಪ ಹೊತ್ತು ಇರುತ್ತೇನೆ ಎಂದೂ ಕೇಳಲಿಲ್ಲ. ಕೇಳಿದ್ದರೆ ಅವಳು ಸೋಲುತ್ತಿದ್ದಳು. ಗಂಡನ ಆ ನಗು ನೋಡುತ್ತಲೇ ದಾರ ಕಡಿದಳು.

ನಗು ಆರಿಹೋಯಿತು. ಹುಡುಗಿ ನಿಂತಲ್ಲೇ ನಿಂತಳು, ಕಣ್ಣು ತೆರೆದೇ ಇತ್ತು, ರೆಪ್ಪೆ ಬಡಿಯಲಿಲ್ಲ. ನರಸಕ್ಕ ಅವಳ ಹೆಸರು ಕೂಗಿದಳು. ಕೂಗಿ ಕೂಗಿ ಗಂಟಲು ಹರಿಯಿತು, ಕೆಳಗಿನವರು ಗಾಬರಿಯಾಗಿ ಮೇಲಕ್ಕೆ ಓಡಿಬರುವುದು ಕಾಣಿಸಿತು. ಕೊನೆಗೆ ಮಗಳ ತುಟಿ ಅಲುಗಿತು. ಬಂದದ್ದು ಮಗಳದೇ ದನಿ, ಆದರೆ ತುಂಬಾ ಸಣ್ಣಗೆ, ಬೆಟ್ಟಗಳ ಆಚೆಯಿಂದ ಬಂದ ಹಾಗೆ.

"ಬತ್ತಾ ಇವ್ನಿ ಅಮ್ಮ. ಬಾಳಾ ದೂರ ಐತೆ, ದಾರಿ ಕಾಣಾಕಿಲ್ಲ. ಕೂಗ್ತಾನೇ ಇರು."

ನರಸಕ್ಕ ಆ ತಣ್ಣನೆಯ ಕೈಯನ್ನು ಎದೆಗವಚಿಕೊಂಡು ಬಂಡೆಯ ಮೇಲೆ ಕೂತು ಕೂಗುತ್ತಲೇ ಇದ್ದಳು.