ಹಾಡಿ ಅಳುವ ಅತ್ತೆ

ಅತ್ತೆಯ ಹೆಬ್ಬೆರಳಿನ ಉಗುರು ಸದಾ ಎಲೆಗೆ ಸವರುವ ಸುಣ್ಣದಿಂದ ಬೆಳ್ಳಗಿರುತ್ತಿತ್ತು. ಹರದನಹಳ್ಳಿಯಲ್ಲಿ ಯಾರಾದರೂ ತೀರಿಕೊಂಡರೆ ಮಾತ್ರ ಬಾಯಲ್ಲಿದ್ದ ಎಲೆಯಡಿಕೆ ಉಗಿದು, ಬಾಯಿ ಮುಕ್ಕಳಿಸಿ, ಸೆರಗು ಬಿಗಿದು ಹೊರಡುತ್ತಿದ್ದಳು. ನಮ್ಮ ಕಡೆ ಹೆಂಗಸರು ಸುಮ್ಮನೆ ಅಳುವುದಿಲ್ಲ, ಸತ್ತವರ ಗುಣ, ಆಸೆಗಳನ್ನೆಲ್ಲ ಹಾಡಿಕೊಂಡು ಅಳುತ್ತಾರೆ. ಆ ಹಾಡನ್ನು ಹೆಣದ ಪಕ್ಕದಲ್ಲೇ ಕೂತು ಕಟ್ಟುವುದರಲ್ಲಿ ನನ್ನ ಸೋದರತ್ತೆಯನ್ನು ಮೀರಿಸುವವರಿರಲಿಲ್ಲ.

ಮೊದಲು ಮನೆಯವರನ್ನು ಪಕ್ಕಕ್ಕೆ ಕರೆದು ವಿಚಾರಿಸುತ್ತಿದ್ದಳು. ಸತ್ತವನಿಗೆ ಯಾವ ಎತ್ತಿನ ಮೇಲೆ ಪ್ರೀತಿ, ಯಾವ ಸಾರು ಇಷ್ಟ, ಯಾರನ್ನು ಕಂಡರೆ ಸಿಟ್ಟು. ಚಾಮರಾಜನಗರದ ಕಾಲೇಜಿನ ಮೆಟ್ಟಿಲು ಹತ್ತಿದ್ದ ನನಗೆ ಇದೆಲ್ಲ ನಾಚಿಕೆ. "ಊರೋರ್ ಸಾವ್ಗೆಲ್ಲ ನೀನ್ಯಾಕತ್ತೆ ಅಳ್ಬೇಕು?" ಎಂದು ಒಮ್ಮೆ ರೇಗಿಯೇ ಬಿಟ್ಟೆ.

"ನಾನ್ ಅಳದಲ್ಲ ಕಣಮ್ಮಿ, ಅವ್ರ ಬಾಯ್ಗ ಮಾತ್ ಕೊಡದು. ಮಾತ್ ಸಿಕ್ಬುಟ್ರ ನಾಳ ಎದ್ದು ಒಲೆ ಹಚ್ತರ," ಎಂದಳು.

ತೊಂಬತ್ತರ ದಶಕದ ಶುರುವಿನಲ್ಲಿ, ಗುಂಡ್ಲುಪೇಟೆಗೆ ಕೊಟ್ಟಿದ್ದ ಅವಳ ಒಬ್ಬಳೇ ಮಗಳು ಜ್ವರದಲ್ಲಿ ಹೋಗಿಬಿಟ್ಟಳು. ಮಗಳ ಹೆಣದ ಮುಂದೆ ಅತ್ತೆ ಕಲ್ಲಾಗಿ ಕೂತಳು. ಕಣ್ಣಲ್ಲಿ ಹನಿಯಿಲ್ಲ, ಬಾಯಲ್ಲಿ ಸೊಲ್ಲಿಲ್ಲ. ಇವಳೂ ಉಳಿಯುವುದಿಲ್ಲ ಎನಿಸಿ ನಾನು ಅವಳ ತೋಳು ಹಿಡಿದು ಕೂತೆ. ಆಗ ಬೀಗಿತ್ತಿಯೇ ಹಾಡು ಎತ್ತಿಕೊಂಡಳು: ಮೊಸರನ್ನ ಉಣ್ಣುತ್ತಿದ್ದ ಸೊಸೆಯೇ, ಇನ್ನು ಯಾರಿಗೆ ಹೆಪ್ಪು ಹಾಕಲಿ ಎಂದು.

ಅತ್ತೆ ತಲೆಯೆತ್ತಿದಳು. "ಮೊಸ್ರ ಮುಟ್ತಿರ್ನಿಲ್ಲ ಕಣವ್ವ ನನ್ ಕೂಸು. ವಾಸ್ನ ಬಂದ್ರ ಮೂಗ್ ಮುಚ್ಕೊತಿತ್ತು."

ಸುಳ್ಳು ಪದವನ್ನು ಅವಳಿಂದ ತಡೆದುಕೊಳ್ಳಲಾಗಲಿಲ್ಲ. ತಿದ್ದಲು ಹೋದವಳು ಮಗಳು ಬೇಡಿ ಉಣ್ಣುತ್ತಿದ್ದ ಹುರುಳಿ ಬಸ್ಸಾರನ್ನು ಹಾಡಿದಳು, ಅವಳ ಉದ್ದ ಜಡೆಯನ್ನು ಹಾಡಿದಳು, ಹಾಡುತ್ತಾ ಗೋಳೋ ಎಂದು ಅತ್ತಳು. ಹೆಣ ಎತ್ತುವವರೆಗೂ ನಿಲ್ಲಿಸಲಿಲ್ಲ. ಮೂರನೆಯ ದಿನ ಅರ್ಧ ಮುದ್ದೆ ಉಂಡಳು. ಆಮೇಲೂ ಹೊಲದಲ್ಲಿ ಕಳೆ ಕೀಳುವಾಗ ಮಗಳ ಹಾಡಿಗೆ ಒಂದೊಂದೇ ಹೊಸ ಸಾಲು ಸೇರಿಸುತ್ತಿದ್ದಳು. ಐದಾರು ವರ್ಷ ಅವಳು ಬದುಕಿದ್ದು ಹಾಗೆ.

ದಶಕ ಮುಗಿಯುವ ಮೊದಲೇ ಅತ್ತೆಯೂ ಹೋದಳು. ಗುಂಡ್ಲುಪೇಟೆಯಲ್ಲಿ ಶಾಲೆಯ ಮೇಡಂ ಆಗಿದ್ದ ನಾನು ಸುದ್ದಿ ತಿಳಿದು ಸಿಕ್ಕಿದ ಬಸ್ ಹತ್ತಿ ಬಂದೆ. "ನೀನೇ ಹಾಡ್ ಎತ್ಕೊ ಕಣಮ್ಮಿ, ಅವ್ಳು ಸಾಕುದ್ ಕೂಸಲ್ವಾ ನೀನು," ಎಂದರು ಹೆಂಗಸರು.

ಪಕ್ಕದಲ್ಲಿ ಕೂತು ಬಾಯಿ ತೆರೆದೆ. ಅತ್ತೆಗೆ ಯಾವ ಸಾರು ಇಷ್ಟವಿತ್ತು? ಯಾವ ಬಣ್ಣದ ಸೀರೆಗೆ ಆಸೆಪಟ್ಟಿದ್ದಳು? ಅವಳ ಮಡಿಲಲ್ಲೇ ಬೆಳೆದ ನಾನು ಒಂದು ದಿನವೂ ಕೇಳಿರಲಿಲ್ಲ.